ಕಾರ್ನಿಯಾದ ಬದಲಿ ಪದರ ಮತ್ತು ಬೆಳಕಿನ ಪರೀಕ್ಷೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಯಲುಗಳಲ್ಲಿ ಕೊಯ್ಲು, ಒಕ್ಕಣೆಗಳ ವೇಳೆ ಭತ್ತದ ಎಲೆಯ ಅಲಗಾಗಲಿ ಹೊಟ್ಟಾಗಲಿ ಕಣ್ಣಿಗೆ ತಗುಲಿದರೆ, ಆ ಸಣ್ಣ ಗಾಯದಲ್ಲಿ ಶಿಲೀಂಧ್ರ ಬೇರೂರಿ, ಹುಣ್ಣು ಮಾಗಿದ ಮೇಲೂ ಬಿಳಿಯ ಕಲೆ ಉಳಿದುಬಿಡುವ ಅಪಾಯವಿದೆ. ಕಣ್ಣಿನ ಮುಂಭಾಗದ ತಿಳಿ ಪದರವಾದ ಕಾರ್ನಿಯಾ ಹೀಗೆ ಮಸುಕಾದಾಗ ದಾನಿಯ ಕಾರ್ನಿಯಾವನ್ನು ಕಸಿ ಮಾಡುವುದು ರೂಢಿಯ ಚಿಕಿತ್ಸೆ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ನಿಧನರಾದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು. ಹೀಗೆ ಹಂಚಿದರೂ ಬೇಡಿಕೆಗೆ ದಾನ ಸಾಲದೆ ಇರುವುದರಿಂದಲೇ, ಚರ್ಮದಲ್ಲಿಯೂ ಸ್ನಾಯುರಜ್ಜುಗಳಲ್ಲಿಯೂ ಇರುವ ಕೊಲ್ಲಾಜೆನ್ ಎಂಬ ಪ್ರೋಟೀನಿನಿಂದ ಬದಲಿ ಪದರಗಳನ್ನು ತಯಾರಿಸುವ ಪ್ರಯತ್ನ ನಡೆದಿದೆ.

ಅಂಥ ಪದರ ಗಟ್ಟಿಯಾಗಿದ್ದು, ದೇಹಕ್ಕೆ ಒಗ್ಗಿದ ಮಾತ್ರಕ್ಕೆ ಕೆಲಸಕ್ಕೆ ಬಾರದು. ಸಹಜ ಕಾರ್ನಿಯಾ ಅರ್ಧ ಮಿಲಿಮೀಟರಿಗಿಂತ ತುಸುವೇ ದಪ್ಪವಾಗಿದ್ದರೂ, ಕಣ್ಣು ಬೆಳಕನ್ನು ಬಾಗಿಸುವ ಒಟ್ಟು ಶಕ್ತಿಯ ಸುಮಾರು ಮೂರನೇ ಎರಡು ಪಾಲು ಅದರದೇ. ಅದರೊಳಗಿನ ಕೊಲ್ಲಾಜೆನ್ ಎಳೆಗಳು ಸುಮಾರು 30 ನ್ಯಾನೋಮೀಟರ್ ದಪ್ಪವಿದ್ದು, ಬೆಳಕಿನ ಅಲೆಯ ಉದ್ದಕ್ಕಿಂತ ಬಹಳ ಕಡಿಮೆ ಅಂತರದಲ್ಲಿ ಕ್ರಮವಾಗಿ ಸಾಲುಗೂಡಿರುವುದರಿಂದ, ಪಕ್ಕಕ್ಕೆ ಚದುರುವ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಬೆಳಕು ನೇರ ಮುಂದಕ್ಕಷ್ಟೇ ಸಾಗುತ್ತದೆಂದು ಸಂಶೋಧಕ ಡೇವಿಡ್ ಮಾರಿಸ್ 1957ರಲ್ಲಿ ವಿವರಿಸಿದರು. ಕಲೆಯಲ್ಲಿ ಈ ಕ್ರಮವೇ ಕೆಟ್ಟಿರುತ್ತದೆ.

ಬದಲಿ ಪದರದ ಪರೀಕ್ಷೆಯಲ್ಲಿ ಎಷ್ಟು ಬೆಳಕು ದಾಟಿತೆಂಬುದಕ್ಕಿಂತ ಅದು ಹೇಗೆ ದಾಟಿತೆಂಬುದು ಮುಖ್ಯ. ಉಪ್ಪುನೀರಿನಲ್ಲಿ ನೆನೆದ, ಕಣ್ಣಿನಲ್ಲಿರಬೇಕಾದಷ್ಟೇ ದಪ್ಪದ ಮಾದರಿಯ ಮೇಲೆ ಬೆಳಕು ಹಾಯಿಸಿ, ಮೊದಲು ಚದುರಿದ್ದನ್ನೂ ಸೇರಿಸಿ ದಾಟಿದ ಬೆಳಕೆಲ್ಲವನ್ನೂ, ಅನಂತರ ನೇರ ಕಿರಣವನ್ನಷ್ಟೇ ಅಳೆದರೆ, ಇವೆರಡರ ಅಂತರವೇ ಮಬ್ಬಿನ ಪ್ರಮಾಣ. ನೂರಕ್ಕೆ ತೊಂಬತ್ತು ಪಾಲು ಬೆಳಕು ಬಿಡುವ ಪದರವೂ ಅದನ್ನು ಚದುರಿಸಿದರೆ, ರಾತ್ರಿ ಹೆದ್ದಾರಿ 66ರಲ್ಲಿ ಎದುರಾಗುವ ಲಾರಿಯ ದೀಪ ಕಣ್ಣ ತುಂಬ ಹರಡಿ ದಾರಿಯನ್ನೇ ಮರೆಮಾಡೀತು. ಆದುದರಿಂದ ಒಟ್ಟು ಶೇಕಡಾವಾರನ್ನಷ್ಟೇ ಹೇಳುವ ವರದಿ ಅರ್ಧ ವರದಿಯೇ ಸರಿ. ಬೆಳಕು ಬಾಗುವ ಪ್ರಮಾಣವನ್ನು ತಿಳಿಸುವ ವಕ್ರೀಭವನ ಸೂಚ್ಯಂಕವೂ ಸಹಜ ಕಾರ್ನಿಯಾದ 1.376ಕ್ಕೆ ಹತ್ತಿರವಿರಬೇಕು, ಮೇಲ್ಮೈ ನಯವಾಗಿರಬೇಕು.

ಹಂದಿಯ ಚರ್ಮದ ಕೊಲ್ಲಾಜೆನ್ನಿನಿಂದ ಸ್ವೀಡನ್ನಿನ ಸಂಶೋಧಕರು ರೂಪಿಸಿದ ಪದರವನ್ನು ಭಾರತ ಮತ್ತು ಇರಾನಿನ 20 ರೋಗಿಗಳಲ್ಲಿ ಅಳವಡಿಸಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕುರುಡರಾಗಿದ್ದವರಿಗೂ ದೃಷ್ಟಿ ಮರಳಿದ್ದು ನಿಜಕ್ಕೂ ದೊಡ್ಡ ಮಾತು. ಆದರೆ ಅವರ ಕಾಯಿಲೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್. ಅಲ್ಲಿ ರೋಗಿಯ ಅಂಗಾಂಶವನ್ನು ತೆಗೆಯದೆ ಅದರ ನಡುವೆ ಪದರವನ್ನು ಸೇರಿಸಿದರು. ಹೊಟ್ಟು ತಗುಲಿ ಉಳಿದ ಕಲೆಯಾದರೋ ಅದನ್ನೇ ಕತ್ತರಿಸಿ ತೆಗೆದು ಆ ಜಾಗ ತುಂಬುವ ಪದರವನ್ನು ಬೇಡುತ್ತದೆ. ಆ ಪದರದೊಳಗೆ ರೋಗಿಯ ಜೀವಕೋಶಗಳು ಹೊಕ್ಕು ಹೊಸ ಎಳೆಗಳನ್ನು ನೇಯುವಾಗ ಮತ್ತೆ ಮಬ್ಬು ಮೂಡಬಹುದಾದ್ದರಿಂದ, ಪ್ರಯೋಗಾಲಯದಲ್ಲಿ ಮಾಡಿದ ಅಳತೆಯನ್ನು ಕಸಿಯಾದ ಕಣ್ಣಿನಲ್ಲಿಯೂ ವರ್ಷಗಟ್ಟಲೆ ಮಾಡುತ್ತಿರಬೇಕಾಗುತ್ತದೆ.