ಕದ ತೆರೆದ ತಾಯಂದಿರು



ಕ್ಯಾನ್ಸರ್ ಸಂಶೋಧನೆ ಡಾಕ್ಟರರ ಕೆಲಸ, ಅದು ನಮಗೇಕೆ ಎಂದು ನಾವು ಅನ್ನುವುದುಂಟು. ಈ ಮುಂಬಯಿಯ ಕೊಳೆಗೇರಿಗಳ ತಾಯಂದಿರು ಹಾಗೆಂದು ಕದ ಮುಚ್ಚಲಿಲ್ಲ. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಗರ್ಭಕಂಠದ ಕ್ಯಾನ್ಸರನ್ನು ಕುರಿತು ಆರಂಭಿಸಿದ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಸ್ತ್ರೀಯರಿದ್ದರು. ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳೇ ತರಬೇತಿ ಹೊಂದಿ, ವಿನಿಗರಿನಲ್ಲಿರುವ ಆಮ್ಲವನ್ನು ಸವರಿ, ಬಿಳಿದಾಗುವ ಮಚ್ಚೆಯನ್ನು ಬರಿಗಣ್ಣಿನಿಂದ ಗುರುತಿಸಿದರು.

ಅರ್ಧ ಜನಕ್ಕೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಉಳಿದರ್ಧಕ್ಕೆ ತಿಳಿವಳಿಕೆ ಮಾತ್ರ. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ರೋಗದ ಸಾವು ಶೇಕಡ 31ರಷ್ಟು ಕಡಿಮೆಯೆಂದು 2013ರಲ್ಲಿ ಪ್ರಕಟವಾಯಿತು. ಉಳಿದರ್ಧವನ್ನು ಅಷ್ಟು ಕಾಲ ಕಾಯಿಸಿದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು.

ಆದುದರಿಂದ ಆರೋಗ್ಯ ಸೇವಕಿ ಕದ ತಟ್ಟಿದರೆ ನಾವು ತೆರೆಯೋಣ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ನಮ್ಮ ಪಾಲಿಗೆ ಬರುವುದೇನೆಂದು ಕೇಳೋಣ. ಎರಡೂ ನಮ್ಮ ಕರ್ತವ್ಯವೇ.