ಕಾರ್ಡು ಏನು ಹೇಳತೈತಿ?



ಒಂದು ಮಾತು ಕೇಳತೀನಿ, ಹೇಳ್ರಿ. ಬ್ಯಾಳಿ ಸಾರು ಮಾಡತೀರಿ. ಉಪ್ಪು ಹಾಕತೀರಿ. ಹಂಗೇ ಇಳಿಸಿಬಿಡತೀರೇನು? ಇಲ್ಲ. ಅಂಗೈ ಮೇಲೆ ಒಂದು ಹನಿ ಹಾಕಿ ರುಚಿ ನೋಡತೀರಿ. ಕಡಿಮೆ ಆದರೆ ಇನ್ನೊಂದು ಚಿಟಿಕೆ ಉಪ್ಪು. ಹೆಚ್ಚಾದರೆ ಸ್ವಲ್ಪ ನೀರು. ಸಾರು ಹೇಳತೈತಿ, ನಾವು ತಿದ್ದಿಕೊಳ್ಳುತ್ತೇವೆ.

ನಮ್ಮ ಮೈ ಕೂಡ ಹೀಗೇ ಹೇಳುತ್ತದೆ. ಆದರೆ ಮೆಲ್ಲಗೆ ಹೇಳುತ್ತದೆ. ಕೂಸು ಒಂದೇ ದಿನಕ್ಕೆ ಸೊರಗುವುದಿಲ್ಲ. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ತೂಕ ಮಾಡಬೇಕು.

1975ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಕಡೆಯ ಟಿ. ನರಸೀಪುರಕ್ಕೆ. ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲೂ ಅಂಗನವಾಡಿ ಇದೆ. ಅಲ್ಲಿ ತಿಂಗಳಿಗೊಮ್ಮೆ ಕೂಸಿನ ತೂಕ ಮಾಡುತ್ತಾರೆ. ಕಾರ್ಡಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಗೆರೆ ಆಗುತ್ತದೆ.

ಗೆರೆ ಮೇಲೆ ಏರಿದರೆ ಕೂಸು ಬೆಳೆಯುತ್ತಿದೆ.
ಗೆರೆ ಅಡ್ಡ ಮಲಗಿದರೆ ಎಚ್ಚರ.
ಗೆರೆ ಕೆಳಗೆ ಇಳಿದರೆ ತಡ ಮಾಡಬೇಡಿ. ಆಸ್ಪತ್ರೆಗೆ ಹೋಗಿರಿ.

ಒಬ್ಬ ತಾಯಿ ಇದ್ದಾಳೆ ಅಂದುಕೊಳ್ರಿ. ಕೂಸಿಗೆ ಒಂಬತ್ತು ತಿಂಗಳು. ಈ ತಿಂಗಳು ತೂಕ ಏರಲಿಲ್ಲ. ಮನೆಯಲ್ಲಿ ಅಂದರು, "ನಿನಗ ಕೂಸು ಸಾಕಾಕ ಬರೂದಿಲ್ಲ." ಆಕೆ ಅತ್ತಳು. ಮುಂದಿನ ತಿಂಗಳು ತೂಕಕ್ಕೇ ಹೋಗಲಿಲ್ಲ. ನಷ್ಟ ಯಾರಿಗೆ? ಕೂಸಿಗೆ.

ಅದೇ ಮಾತನ್ನು ಬೇರೆ ರೀತಿ ಹೇಳಬಹುದು. "ತಂಗಿ, ಹೆದರಬ್ಯಾಡ. ಗಂಜಿ ತೆಳ್ಳಗಾಗೈತಿ. ಚಮಚದಿಂದ ಜಾರದಷ್ಟು ಗಟ್ಟಿ ಮಾಡು. ಬ್ಯಾಳಿ ಮೆತ್ತಗೆ ಕುದಿಸಿ ಹಾಕು. ಒಂದು ಚಮಚ ಎಣ್ಣೆ ಇಲ್ಲಾ ತುಪ್ಪ ಹಾಕು. ದಿನಕ್ಕ ಮೂರು ನಾಲ್ಕು ಸಲ ಉಣಿಸು. ಎದೆಹಾಲು ಬಿಡಿಸಬ್ಯಾಡ." ಆಕೆ ಹಾಗೇ ಮಾಡಿದಳು. ಮುಂದಿನ ತಿಂಗಳು ಗೆರೆ ಏರಿತು. ಆಕೆಯೇ ಕಣ್ಣಾರೆ ಕಂಡಳು. ಮತ್ತೆ ಯಾರೂ ಹೇಳಬೇಕಾಗಲಿಲ್ಲ. ಹೀಗೆ ಉಣಿಸಿದರೂ ಗೆರೆ ಏರದಿದ್ದರೆ ಕೂಸಿಗೆ ಬೇನೆ ಇರಬಹುದು. ಡಾಕ್ಟರಿಗೆ ತೋರಿಸಿರಿ.

ಬೈಗುಳ ಬಾಗಿಲು ಮುಚ್ಚುತ್ತದೆ. ಒಳ್ಳೆಯ ಮಾತು ದಾರಿ ತೋರಿಸುತ್ತದೆ.

ಇನ್ನು ನಮ್ಮ ಮಾತು. ಬೀಡಿ ಕಟ್ಟುವವರು, ಕಬ್ಬಿನ ಹೊಲಕ್ಕೆ ಹೋಗುವವರು ಚಹಾ ಕುಡಿದೇ ಹೊತ್ತು ಕಳೆಯುತ್ತಾರೆ. ಎಲ್ಲರೂ ಉಂಡ ಮೇಲೆ ಉಳಿದದ್ದು ನಮಗೆ. ಆಮೇಲೆ ತಲೆ ಸುತ್ತು, ದಣಿವು, ಏದುಸಿರು. "ಕೆಲಸ ಬಾಳ ಆಗೈತಿ" ಅಂತೀವಿ. ಅದು ರಕ್ತ ಕಡಿಮೆ ಆದದ್ದೂ ಇರಬಹುದು. ಪರೀಕ್ಷೆ ಮಾಡಿಸಿರಿ. ಹಿಮೋಗ್ಲೋಬಿನ್ 12 ಗ್ರಾಂ ಇಲ್ಲವೆ ಹೆಚ್ಚು ಇರಬೇಕು. ಬಸುರಿಗೆ 11 ಗ್ರಾಂಗಿಂತ ಕಡಿಮೆ ಆಗಬಾರದು.

ಕಡಿಮೆ ಇದ್ದರೆ ಕಬ್ಬಿಣದ ಗುಳಿಗೆ ಕೊಡುತ್ತಾರೆ. ತಪ್ಪದೆ ನುಂಗಿರಿ. ಮಲ ಕಪ್ಪಾದರೆ ಅಂಜಬೇಡಿ. ಗುಳಿಗೆ ಜೊತೆ, ಊಟದ ಜೊತೆ ಚಹಾ ಬೇಡ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆಹಣ್ಣು ಹತ್ತಿಸುತ್ತದೆ. ರೊಟ್ಟಿ ಜೊತೆ ಸೊಪ್ಪಿನ ಪಲ್ಯ, ಮೊಳಕೆ ಕಾಳು, ಶೇಂಗಾ ಹಿಂಡಿ ಉಣ್ಣಿರಿ. ತಿನ್ನುವವರು ತತ್ತಿ, ಮೀನು ತಿನ್ನಿರಿ. ಡಾಕ್ಟರು ಹೇಳಿದ ದಿನ ಮತ್ತೆ ಪರೀಕ್ಷೆ ಮಾಡಿಸಿರಿ. 8 ಇದ್ದದ್ದು 9 ಆದರೆ ನಾವು ನಡೆದ ದಾರಿ ಸರಿ. ಏರದಿದ್ದರೆ ಕೇಳಿರಿ, "ಯಾಕ್ರಿ ಏರಿಲ್ಲ?" ಕೇಳುವುದು ನಮ್ಮ ಹಕ್ಕು.

ಎಲ್ಲ ಒಮ್ಮೆಲೇ ಬದಲಿಸಬೇಕಿಲ್ಲ. ಈ ತಿಂಗಳು ಒಂದು ಬದಲಾವಣೆ ಸಾಕು.

ಅಕ್ಕಂದಿರೇ, ಮೊದಲು ಕಾರ್ಡನ್ನು ಬೇರೆಯವರು ಓದಿ ಹೇಳುತ್ತಿದ್ದರು. ಈಗ ನಮಗೂ ಅಕ್ಷರ ಬಂದಿದೆ, ಅಂಕಿ ಬಂದಿದೆ. ಟ್ರಂಕಿನಲ್ಲಿಟ್ಟ ಕಾರ್ಡು ಹೊರಗೆ ತೆಗೆಯಿರಿ. ನೀವೇ ಓದಿರಿ.

ಕೂಡಿ ಮಾತಾಡಿರಿ:
1. ನಿಮ್ಮ ಕೂಸಿನ ಗೆರೆ ಏರಿದೆಯೆ?
2. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಯಾಕೆ?