ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಆಗದಿರಲಿ
(ಮೈಸೂರಿನಲ್ಲಿ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣ)



ಸಂಘದಲ್ಲಿ ನೀವು ಹಾಲು ಹಾಕಿದಾಗ ಪರೀಕ್ಷಕರು ನೋಡುವುದು ಜಿಡ್ಡಿನ ಅಂಶ, ಎಸ್.ಎನ್.ಎಫ್. ಅಷ್ಟೆ. ಹಾಲು ಯಾವ ಕೇರಿಯದು ಎಂದು ಯಂತ್ರ ಕೇಳುವುದಿಲ್ಲ. ಹಾಲಿಗೆ ಸಲ್ಲುವ ಈ ನ್ಯಾಯ ಕೆಲಸಕ್ಕೂ ಹುದ್ದೆಗೂ ಸಲ್ಲಬೇಕಲ್ಲವೇ?

ಈ ಪ್ರಶ್ನೆ ಮೈಸೂರಿಗೆ ಹೊಸದಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಮೊದಲು ಇಂಗ್ಲಿಷ್ ಓದಿಗೆ ಬಂದವರು ಬ್ರಾಹ್ಮಣರು. ಹಾಗಾಗಿ ಮೇಲಿನ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಅವರೇ ಇದ್ದರು. ಕಂದಾಯ ಕಟ್ಟುವ ಉಳಿದ ಸಮುದಾಯಗಳವರು ಅಲ್ಲಿ ವಿರಳ. 1918ರಲ್ಲಿ ಪ್ರಜಾಮಿತ್ರ ಮಂಡಳಿಯ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಈ ಬಗ್ಗೆ ಮನವಿ ಸಲ್ಲಿಸಿದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರದ ಆದೇಶವೂ ಹೊರಟಿತು.

ಇದಕ್ಕೆ ವಿರೋಧವೂ ಇತ್ತು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಂಥ ದೊಡ್ಡವರಿಗೇ ಆಡಳಿತದ ದಕ್ಷತೆ ಕುಗ್ಗೀತೆಂಬ ಕಳವಳ. ಆದರೆ ಸಮಿತಿ ಹುದ್ದೆ ಕೊಡಿ ಎಂದಷ್ಟೇ ಹೇಳಲಿಲ್ಲ, ಓದಲು ವಿದ್ಯಾರ್ಥಿವೇತನವನ್ನೂ ಕೊಡಿ ಎಂದಿತು. ಜನರಲ್ಲಿ ಕೊರತೆ ಇದ್ದದ್ದು ಬುದ್ಧಿಯದಲ್ಲ, ಅವಕಾಶದ್ದು ಎಂಬುದು ಇದರ ಅರ್ಥ.

ಅದು ಕಚೇರಿಗಳ ಮಾತಾಯಿತು. ಈಗ ನಮ್ಮ ಕೊಟ್ಟಿಗೆಗೆ ಬರೋಣ. ನಸುಕಿನಲ್ಲಿ ಎದ್ದು ಸಗಣಿ ಬಾಚುವವರು ಯಾರು? ಹುಲ್ಲು ತಂದು, ಹಿಂಡಿ ಕಲಸಿ, ಹಾಲು ಕರೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಷೇರು ಯಾರ ಹೆಸರಿನಲ್ಲಿದೆ? ಬಟವಾಡೆ ಹಣ ಯಾರ ಖಾತೆಗೆ ಹೋಗುತ್ತದೆ? ನಿಮ್ಮ ಪಾಸ್ ಪುಸ್ತಕ ತೆಗೆದು ನೋಡಿ. ಸದಸ್ಯತ್ವ ಇಲ್ಲದಿದ್ದರೆ ಮತವಿಲ್ಲ, ಮತವಿಲ್ಲದಿದ್ದರೆ ಆಡಳಿತ ಮಂಡಳಿಯಲ್ಲಿ ಸ್ಥಾನವೂ ಇಲ್ಲ. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. ಲೆಕ್ಕ ಬರೆಯುವುದು, ಹಾಲು ಪರೀಕ್ಷಿಸುವುದು, ಸಭೆ ನಡೆಸುವುದು, ಎಲ್ಲವನ್ನೂ ಹೆಂಗಸರೇ ಮಾಡಿ ತೋರಿಸಿದ್ದಾರೆ.

ಜಾತಿಯ ವಿಚಾರವೂ ಹಾಗೆಯೇ. ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುತ್ತೇವೆ. ಅದೇ ಪರಿಶಿಷ್ಟರ ಮನೆಯ ಹುಡುಗ ಪರೀಕ್ಷಕನ ಕೆಲಸ ಕೇಳಿದರೆ ಹಿಂದುಮುಂದು ನೋಡುತ್ತೇವೆ. ಇದೆಂಥ ಸಹಕಾರ?

ಆದ್ದರಿಂದ ನನ್ನ ವಿನಂತಿ ಮೂರು. ಹಸು ನೋಡಿಕೊಳ್ಳುವ ಹೆಣ್ಣುಮಗಳ ಹೆಸರಿನಲ್ಲೇ ಷೇರು ಮಾಡಿಸಿ, ಹಣ ಅವಳ ಖಾತೆಗೇ ಬರಲಿ. ಸಂಘದಲ್ಲಿ ಕೆಲಸ ಖಾಲಿಯಾದಾಗ ಊರಿಗೆಲ್ಲ, ಎಲ್ಲ ಕೇರಿಗೂ ತಿಳಿಯುವಂತೆ ಪ್ರಕಟಿಸಿ, ಅರ್ಹತೆ ನೋಡಿ ನೇಮಿಸಿ. ಮಹಿಳೆಯರಿಗೂ ಪರಿಶಿಷ್ಟರಿಗೂ ಮೀಸಲಾದ ಸ್ಥಾನಕ್ಕೆ ಬಂದವರನ್ನು ಬರೀ ಸಹಿಗೆ ಕೂರಿಸಬೇಡಿ, ಅವರ ಮಾತು ನಡವಳಿ ಪುಸ್ತಕದಲ್ಲಿ ದಾಖಲಾಗಲಿ.

ಇವಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಮುಂದಿನ ಸಭೆಯಲ್ಲೇ ನೀವು ನಿರ್ಣಯ ಮಾಡಬಹುದು.